ಕರಿ ಸೂಟಿನೊಳಗಿನ ಮನುಷ್ಯ

ಅಮೆರಿಕದ ಯಹೂದಿ ಕಥೆಗಳಲ್ಲಿ ದೇವರಿಗಿಂತ ದರ್ಜಿಗೇ ಹೆಚ್ಚು ಕೆಲಸ. ಧರ್ಮ ಅಲ್ಲಿ ನಂಬಿಕೆಯಾಗಿ ಕಾಣಿಸಿಕೊಳ್ಳುವುದು ಅಪರೂಪ; ಗಡ್ಡವಾಗಿ, ಟೋಪಿಯಾಗಿ, ಬದಲಾಯಿಸಿಕೊಂಡ ಹೆಸರಾಗಿ ಕಾಣಿಸಿಕೊಳ್ಳುವುದೇ ಹೆಚ್ಚು. ಈ ಜಾಡು ಅಬ್ರಹಾಂ ಕಹಾನ್ ಬರೆದ ‘ಯೆಕ್ಲ್’ (1896) ಕಿರುಕಾದಂಬರಿಯಲ್ಲೇ ಇದೆ. ರಷ್ಯಾದಿಂದ ಬಂದ ಯೆಕ್ಲ್ ನ್ಯೂಯಾರ್ಕಿನಲ್ಲಿ ಹೊಲಿಗೆ ಕೆಲಸ ಮಾಡುತ್ತ ಜೇಕ್ ಆಗಿದ್ದಾನೆ, ಗಡ್ಡ ತೆಗೆದಿದ್ದಾನೆ. ಮೂರು ವರ್ಷ ಕಳೆದು ಹೆಂಡತಿ ಗಿಟ್ಲ್ ಮಗುವಿನೊಂದಿಗೆ ಎಲ್ಲಿಸ್ ಐಲೆಂಡಿಗೆ ಬಂದಿಳಿಯುತ್ತಾಳೆ. ಮದುವೆಯಾದ ಹೆಂಗಸು ಸ್ವಂತ ಕೂದಲು ತೋರಿಸಬಾರದೆಂಬ ಕಟ್ಟಳೆಯಂತೆ ಆಕೆ ತಲೆಗೆ ವಿಗ್ ಹಾಕಿಕೊಂಡಿದ್ದಾಳೆ. ಅದನ್ನು ಕಂಡದ್ದೇ ಜೇಕ್ ನಾಚಿಕೆಯಿಂದ ಕುಗ್ಗಿಹೋಗುತ್ತಾನೆ. ಮಗ ಯೊಸ್ಸೆಲೆ ಜೋಯಿ ಆಗುತ್ತಾನೆ, ಸಂಸಾರ ವಿಚ್ಛೇದನದಲ್ಲಿ ಮುಗಿಯುತ್ತದೆ. ಗೆದ್ದೆನೆಂದುಕೊಂಡ ಜೇಕ್‌ನೇ ಕೊನೆಗೆ ಸೋತವನಂತೆ ಕಾಣುತ್ತಾನೆ. ಕಹಾನ್‌ನ ಜಾಣತನ ಇರುವುದು ಅಲ್ಲಿ.

ಅರವತ್ತು ವರ್ಷಗಳ ಮೇಲೆ ಫಿಲಿಪ್ ರಾತ್ ಇದೇ ನಾಚಿಕೆಯನ್ನು ಬಾಡಿಗೆ ಕೋಣೆಯಿಂದ ಎತ್ತಿ ಹುಲ್ಲುಹಾಸಿನ ಬಡಾವಣೆಯಲ್ಲಿಟ್ಟ. ‘ಗುಡ್‌ಬೈ, ಕೊಲಂಬಸ್’ (1959) ಸಂಕಲನದ ‘ಈಲೈ, ದ ಫೆನಾಟಿಕ್’ ನನ್ನ ಮಟ್ಟಿಗೆ ಈ ಪರಂಪರೆಯ ಅತ್ಯುತ್ತಮ ಕಥೆ. ಪರಂಪರೆಯ ಮಿತಿ ಎದ್ದು ಕಾಣುವುದೂ ಅದರಲ್ಲೇ. ವುಡನ್‌ಟನ್ ಎಂಬ ಊರಿನಲ್ಲಿ ಪ್ರಾಟೆಸ್ಟೆಂಟರ ನಡುವೆ ಈಚೆಗಷ್ಟೇ ಮನೆ ಮಾಡಿಕೊಂಡ ಯಹೂದಿಗಳಿದ್ದಾರೆ. ಯುರೋಪಿನ ನರಮೇಧದಿಂದ ಉಳಿದು ಬಂದ ಹದಿನೆಂಟು ಮಕ್ಕಳನ್ನಿಟ್ಟುಕೊಂಡು ಟ್ಸುರೆಫ್ ಅಲ್ಲೊಂದು ಧಾರ್ಮಿಕ ಪಾಠಶಾಲೆ ತೆರೆಯುತ್ತಾನೆ. ಅವನ ಜೊತೆಗಾರನೊಬ್ಬ ಕರಿ ಸೂಟು, ಕರಿ ಟೋಪಿಯಲ್ಲಿ ಪೇಟೆಗೆ ಬಂದರೆ ಊರಿನ ಯಹೂದಿಗಳಿಗೇ ಮುಜುಗರ. ವಕೀಲ ಈಲೈ ಪೆಕ್ ಅವನಿಗೆ ತನ್ನ ಹಸಿರು ಟ್ವೀಡ್ ಸೂಟನ್ನು ಡಬ್ಬಿಯಲ್ಲಿಟ್ಟು ಕೊಡುತ್ತಾನೆ. ಆತ ಅದನ್ನು ಹಾಕಿಕೊಂಡು ಊರೆಲ್ಲ ತಿರುಗಿ, ತನ್ನ ಕರಿ ಬಟ್ಟೆಯನ್ನು ಅದೇ ಡಬ್ಬಿಯಲ್ಲಿ ಈಲೈ ಬಾಗಿಲಲ್ಲಿ ಇಟ್ಟುಹೋಗುತ್ತಾನೆ. ಈಲೈ ಅದನ್ನು ತೊಟ್ಟು, ಆಗಷ್ಟೇ ಹುಟ್ಟಿದ ಮಗನನ್ನು ನೋಡಲು ಆಸ್ಪತ್ರೆಗೆ ನಡೆಯುತ್ತಾನೆ. ಊರು ಅವನಿಗೆ ಹುಚ್ಚು ಹಿಡಿದಿದೆ ಎಂದು ತೀರ್ಮಾನಿಸಿ ಸೂಜಿ ಚುಚ್ಚಿಸುತ್ತದೆ.

ಎಲ್ಲ ಸರಿ, ಆದರೆ ಆ ಕರಿ ಸೂಟಿನವನು ಕಥೆಯುದ್ದಕ್ಕೂ ಬಾಯಿಬಿಡುವುದಿಲ್ಲ. ಅವನ ಹೆಂಡತಿ, ಕೂಸು ಸತ್ತದ್ದು ಟ್ಸುರೆಫ್ ಬಾಯಿಂದ ನಮಗೆ ತಿಳಿಯುತ್ತದೆ. ಅವನ ಪ್ರಾರ್ಥನೆ ಏನು, ದೇವರ ಮೇಲೆ ಅವನಿಗೆ ಕೋಪವಿದೆಯೋ, ಗೊತ್ತಾಗುವುದಿಲ್ಲ. ಈಲೈಯ ಪಾಪಪ್ರಜ್ಞೆಗೆ ಹಾಕಿಕೊಳ್ಳಲು ಒಂದು ಬಟ್ಟೆ ಬೇಕಿತ್ತು. ಅದನ್ನು ಒದಗಿಸಿದ ಮೇಲೆ ಆತನ ಕೆಲಸ ಮುಗಿಯಿತು. ಈ ಪರಂಪರೆಯ ಇಂಗ್ಲಿಷ್ ಮುಖ್ಯಧಾರೆಗೆ ನಾಚಿಕೊಂಡ ಮಗನ ಮನಸ್ಸು ಅಂಗೈ ಗೆರೆಯಷ್ಟು ಪರಿಚಿತ. ನಂಬಿದವನ ಮನೆಗೆ ಮಾತ್ರ ಅದು ಕಿಟಕಿಯಿಂದ ಇಣುಕಿ ಬರುತ್ತದೆ, ಅಷ್ಟೆ.

ಐಸಾಕ್ ಬಶೇವಿಸ್ ಸಿಂಗರ್ ಒಳಗಿನಿಂದ ಬರೆಯಲಿಲ್ಲವೇ ಎನ್ನಬಹುದು. ಬರೆದರು, ಆದರೆ ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾದ ಯಿಡ್ಡಿಷ್‌ನಲ್ಲಿ. ಆ ಓದುಗರಿಗೆ ಯಾವ ಆಚಾರವನ್ನೂ ವಿವರಿಸಬೇಕಾಗಿರಲಿಲ್ಲ. ಸ್ವತಃ ರಬ್ಬಿಯಾಗಿದ್ದ ಹೈಮ್ ಪೊಟಾಕ್ ಇಂಗ್ಲಿಷ್‌ನಲ್ಲೇ ‘ದ ಚೋಸನ್’ (1967) ಬರೆದರು. ಬ್ರೂಕ್ಲಿನ್ನಿನ ಕಟ್ಟಾ ಸಂಪ್ರದಾಯಸ್ಥ ಹಸಿದಿಕ್ ಪಂಥದ ಹುಡುಗನ ಓದಿನ ಹಸಿವು ಅದರಲ್ಲಿ ನಿಜವಾಗಿದೆ, ಗದ್ಯ ಮಾತ್ರ ಸಪ್ಪೆ. ವಿಮರ್ಶಕರು ಅವರನ್ನು ಜನಪ್ರಿಯರ ಸಾಲಿನಲ್ಲಿ ಕೂರಿಸಿ ಸುಮ್ಮನಾದರು. 1977ರಲ್ಲಿ ವಿಮರ್ಶಕ ಅರ್ವಿಂಗ್ ಹೌ, ವಲಸೆಯ ಅನುಭವ ಹಿಂದೆ ಸರಿದಂತೆ ಈ ಸಾಹಿತ್ಯದ ಉಚ್ಛ್ರಾಯ ಕಾಲವೂ ಮುಗಿದಿರಬೇಕು ಎಂದರು. ಧರ್ಮವೆಂದರೆ ಅಪ್ಪನ ನೆನಪು ಎಂದುಕೊಂಡವರು ಹೀಗಲ್ಲದೆ ಬೇರೆ ಹೇಗೆ ಯೋಚಿಸಿಯಾರು?

ನಾಚಿಕೆಯ ಹಂಗೇ ಇಲ್ಲದೆ ಇದೇ ವಸ್ತುವನ್ನು ಬರೆದವರು ಗ್ರೇಸ್ ಪೇಲಿ. 1959ರದ್ದೇ ಆದ ‘ದ ಲೌಡೆಸ್ಟ್ ವಾಯ್ಸ್’ ಕಥೆಯಲ್ಲಿ, ಗಂಟಲು ಜೋರಾಗಿದೆಯೆಂಬ ಒಂದೇ ಕಾರಣಕ್ಕೆ ಶರ್ಲಿ ಅಬ್ರಮೊವಿಟ್ಸ್ ಎಂಬ ಪುಟ್ಟ ಹುಡುಗಿ ಶಾಲೆಯ ಕ್ರಿಸ್‌ಮಸ್ ನಾಟಕದ ನಿರೂಪಕಿ. ಅಮ್ಮನಿಗೆ ಕಸಿವಿಸಿ, ಅಮೆರಿಕಕ್ಕೆ ಬರಬೇಕೆಂದವಳು ನೀನೇ ತಾನೆ ಎಂದು ಅಪ್ಪ ಕೆಣಕುತ್ತಾನೆ. ನಾಟಕ ಮುಗಿದ ರಾತ್ರಿ ಶರ್ಲಿ ಹಾಸಿಗೆ ಪಕ್ಕ ಮೊಣಕಾಲೂರಿ ಕೈಜೋಡಿಸಿ ಯಹೂದಿ ಪ್ರಾರ್ಥನೆ ಹೇಳಿಕೊಳ್ಳುತ್ತಾಳೆ, ಒಂಟಿಯಾಗಿರುವ ಪಾಪದ ಕ್ರೈಸ್ತರಿಗಾಗಿಯೂ ಬೇಡಿಕೊಳ್ಳುತ್ತಾಳೆ. ಭಂಗಿ ಅವರದು, ಮಂತ್ರ ಇವಳದು. ಇಲ್ಲಿ ಯಾರೂ ಕರಗಿಹೋಗಲಿಲ್ಲ. ಹುಡುಗಿ ಪಕ್ಕದವರ ಹಬ್ಬವನ್ನೇ ತನ್ನ ದನಿಯೊಳಗೆ ಹಾಕಿಕೊಂಡಳು. ರಾತ್‌ಗೆ ಇಂಥದ್ದು ಸಾಧ್ಯವೆಂದು ಹೊಳೆಯಲೇ ಇಲ್ಲ. ಅವನ ಯಹೂದಿಗೆ ಇರುವುದು ಟ್ವೀಡ್, ಇಲ್ಲವೇ ಕರಿ ಬಟ್ಟೆ.

ಹೊಸದಾಗಿ ಓದಲು ಹೊರಡುವವರಿಗೆ ಒಂದು ಮಾತು: ರಾತ್ ಹೇಗೂ ಎಲ್ಲ ಪಟ್ಟಿಗಳಲ್ಲೂ ಇರುತ್ತಾನೆ. ಮೊದಲು ಪೇಲಿಯನ್ನು ಓದಿ.