ಕಪ್ಪಿನ ಬೆಲೆ

ಭಾಲ್ಕಿಯ ನಮ್ಮ ಮನೆಯಲ್ಲಿ ಕಪ್ಪು ಮೈಗೆ ಬೆಳ್ಳಿಯ ಬಳ್ಳಿ ಕೂರಿಸಿದ ಒಂದು ಬಿದರಿ ತಟ್ಟೆ ಇದೆ. ಅಪ್ಪ ಮಾಸ್ತರಿಕೆಯಿಂದ ನಿವೃತ್ತರಾದ ದಿನ ಊರವರು ಕೊಟ್ಟದ್ದು. ಒಂದು ದೀಪಾವಳಿಗೆ ಔರಾದಿನಿಂದ ಬಂದಿದ್ದ ಚಿಕ್ಕಮ್ಮ, ಬೆಳ್ಳಿ ಮಂಕಾಗಿದೆಯೆಂದು ಪ್ರೀತಿಯಿಂದಲೇ ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಬೆಳ್ಳಿ ಹೊಳೆಯಿತು, ಬಳ್ಳಿ ಮಾಯವಾಯಿತು. ಸುತ್ತಲಿನ ಕಪ್ಪು ಬೂದಿಬಣ್ಣಕ್ಕೆ ಇಳಿದದ್ದರಿಂದ ಎಲೆ ಯಾವುದು, ನೆಲ ಯಾವುದು ಎಂದು ತಿಳಿಯದಂತಾಯಿತು. ಬಿದರಿಯ ಜೀವ ಕಪ್ಪಿನಲ್ಲಿದೆ ಎಂಬುದು ನನಗೆ ಗೊತ್ತಾದದ್ದು ಅವತ್ತು.

ತಟ್ಟೆಯನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ಬೀದರಿನ ಬಸ್ಸು ಹತ್ತಿದೆ. ಚೌಬಾರಾದ ಆಸುಪಾಸಿನ ಓಣಿಗಳಲ್ಲಿ ಅರದ ಸದ್ದು ಕೇಳಿದರೆ ಅಲ್ಲಿ ಬಿದರಿ ಕೆಲಸ ನಡೆದಿದೆ ಎಂದೇ ಅರ್ಥ. ಅಂಥದೊಂದು ಅಂಗಡಿಯೊಳಗೆ ಹೋದಾಗ ಗಿರಾಕಿಯೊಬ್ಬರು ಹೂದಾನಿ ಹಿಡಿದು ಕೇಳುತ್ತಿದ್ದರು: "ಇದ್ರಾಗ ಬೆಳ್ಳಿ ಎಷ್ಟ್ ಅದರೀ, ಉಸ್ತಾದ್?" ಉಸ್ತಾದರು ತೂಕ ಹೇಳಿದರು. ಎಷ್ಟು ದಿನದ ಕೆಲಸವೆಂದು ಅವರು ಕೇಳಲಿಲ್ಲ, ಇವರೂ ಹೇಳಲಿಲ್ಲ.

ಬೆಳ್ಳಿ ಎಷ್ಟೆಂಬ ಈ ಪ್ರಶ್ನೆಯೇ ಬಿದರಿಗೆ ಅನ್ಯಾಯ ಮಾಡುತ್ತ ಬಂದಿದೆ ಎಂಬುದು ನನ್ನ ತಕರಾರು. ಬೆಳ್ಳಿಯ ಆಚೆಗಿನ ಕೆಲಸ ಎಷ್ಟಿದೆ ನೋಡಿ. ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ. ಮೈಲುತುತ್ತದ ನೀರು ಬಳಿದರೆ ಮೇಲ್ಮೈ ಸ್ವಲ್ಪ ಕಾಲದ ಮಟ್ಟಿಗೆ ಕಪ್ಪಾಗುತ್ತದೆ. ಅದರ ಮೇಲೆ ಕೈಯಿಂದಲೇ ಚಿತ್ತಾರ ಗೀರಿ, ಉಳಿಯಿಂದ ಕೊರೆದು, ಆ ಗೀರಿನೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ತಂತಿಯ ಕೆಲಸ ತಾರ್‌ಕಶಿ, ತಗಡಿನ ಕೆಲಸ ತೆಹ್‌ನಿಶಾನ್. ಇಷ್ಟಾದ ಮೇಲೂ ಉಜ್ಜಿದ ಪಾತ್ರೆ ಬೆಳ್ಳಗೇ ಇರುತ್ತದೆ. ಬೆಳ್ಳಿ ಪೂರ್ತಿ ಒಳಗಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಅದನ್ನು ತೋರಿಸಿಕೊಡುವುದು ಬೀದರ್ ಕೋಟೆಯ ಮಣ್ಣು. ಬಿಸಿಲು ಮಳೆ ತಾಕದ ಹಳೇ ಗೋಡೆಯ ಮಗ್ಗುಲಿನ ಮಣ್ಣನ್ನು ಕುಶಲಕರ್ಮಿಗಳು ನಾಲಿಗೆಗೆ ಮುಟ್ಟಿಸಿ ರುಚಿ ನೋಡಿ ಆರಿಸುತ್ತಾರೆ. ನವಸಾಗರದ ಜೊತೆ ಅದನ್ನು ಕಲಸಿ ಬಿಸಿ ಪಾತ್ರೆಗೆ ಉಜ್ಜಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ.

ಬೀದರಿನ ಕಣ್ಣಿಗೆ ಈ ಕಪ್ಪು ಹೊಸದಲ್ಲ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಕಲ್ಲಿಗೆ ಮುತ್ತಿನ ಚಿಪ್ಪು ಕೂರಿಸಿದ್ದನ್ನು ನೋಡಿ. ಚಿಪ್ಪಿನ ಬಳ್ಳಿ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಕಲ್ಲಿಗೆ ಜಾಗ ಬಿಟ್ಟಿದೆ. ಸಂಗ್ರಹಾಲಯಗಳಲ್ಲಿರುವ ಹಳೆಯ ಹುಕ್ಕಾ ಬುಡಗಳ ಪೈಕಿ ನನಗೆ ಮೇಲೆನಿಸುವವೂ ಇಂಥವೇ. ಒಂದು ಗಿಡ, ನಾಲ್ಕಾರು ಹೂ, ಸುತ್ತ ಬಯಲು. ಮೈತುಂಬ ಬೆಳ್ಳಿ ತುಂಬಿದ ಹಳೆಯ ಮಾಲೂ ಇದೆ ನಿಜ, ಆದರೆ ಅದರಲ್ಲೂ ಗೆರೆಗೆ ಗೆರೆ ಉತ್ತರ ಕೊಡುತ್ತದೆ.

ಇಂದಿನ ಅಂಗಡಿಗಳಲ್ಲಿ ನನ್ನನ್ನು ನೋಯಿಸುವುದು ಕೀ ಚೈನು, ಪೆನ್‌ಡ್ರೈವು ಬಂದದ್ದಲ್ಲ. ಹುಕ್ಕಾ ಹೋದ ಮೇಲೆ ಕೈಗೆ ಬೇರೆ ಕೆಲಸ ಬೇಕೇ ಬೇಕು. ನೋವು ಬೇರೆ ಕಡೆ ಇದೆ: ಸುರಾಹಿಯ ಉಬ್ಬಿದ ಹೊಟ್ಟೆಗೆಂದು ಹುಟ್ಟಿದ ಬಳ್ಳಿಯನ್ನು ಎರಡು ಬೆರಳಗಲದ ತುಂಡಿಗೆ ಹಾಗೇ ಕುಗ್ಗಿಸಿ ಹಾಕುತ್ತಾರೆ, ಕಪ್ಪಿಗೆ ಉಸಿರಾಡಲು ಜಾಗವಿಲ್ಲ. ಕಿವಿಯೋಲೆಗಳಲ್ಲಿ ಮಾತ್ರ ಕೆಲವರು ಒಂದೇ ಎಲೆ, ಒಂದೇ ಎಸಳು ಇಟ್ಟು ಗೆದ್ದಿದ್ದಾರೆ. ಎಲ್ಲಕ್ಕಿಂತ ಹೆಚ್ಚು ಕೆಡಿಸಿದ್ದು ಸನ್ಮಾನದ ಫಲಕಗಳು. ನಡುವೆ ಲಾಂಛನ, ಕೆಳಗೆ ಹೆಸರು, ಅಂಚಿಗೆ ಆತುರದ ಬಳ್ಳಿ. ಹತ್ತಾರು ಕೊಳ್ಳುವವರು ಕೇಳುವುದು ಇವನ್ನೇ, ಹಾಗಾಗಿ ಹುಡುಗರ ಕೈ ಪಳಗುವುದೂ ಇವುಗಳ ಮೇಲೆಯೇ. ಬಿದರಿಗೆ 2006ರಲ್ಲಿ ಭೌಗೋಳಿಕ ಗುರುತು (ಜಿಐ) ಸಿಕ್ಕಿತು, 2023ರಲ್ಲಿ ಬಿದರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಎರಡೂ ಸಂತೋಷದ ಸಂಗತಿ. ಆದರೆ ಆರ್ಡರು ಕೊಡುವವರು ಒಂದು ಸಲವಾದರೂ "ನಿಮಗೆ ಸರಿ ಕಂಡ ಚಿತ್ತಾರ ಹಾಕಿ" ಎಂದು ಕುಶಲಕರ್ಮಿಯ ಕೈಗೇ ಬಿಟ್ಟು ನೋಡಬೇಕು, ಬೆಳ್ಳಿಯ ಜೊತೆಗೆ ದಿನಗಳಿಗೂ ಬೆಲೆ ಕಟ್ಟಬೇಕು.

ಉಸ್ತಾದರು ನಮ್ಮ ತಟ್ಟೆಯನ್ನು ಬಿಸಿ ಮಾಡಿ ಮಣ್ಣು ಬಳಿದರು, ತೊಳೆದರು, ಬೆರಳಿನಿಂದ ಎಣ್ಣೆ ಒರೆಸಿದರು. ಬಳ್ಳಿ ಎದ್ದು ಬಂತು. ಅಂಚಿನಲ್ಲಿ ಮೂರು ಎಲೆಗಳ ತಂತಿ ಯಾವಾಗಲೋ ಉದುರಿತ್ತು, ಅಲ್ಲಿ ಉಳಿಯ ಗೀರು ಮಾತ್ರ ಉಳಿದಿತ್ತು. ತುಂಬಿಕೊಡಲೇ ಎಂದು ಕೇಳಿದರು. ಬೇಡ ಅಂದೆ. ಆ ಗೀರಿನ ಮೇಲೆ ಬೆರಳಾಡಿಸಿ, "ಒಳ್ಳೇ ಕೈ ರೀ ಇದು, ಮಾಸ್ತರಿಗೆ ತಕ್ಕಂಥದ್ದೇ ಕೊಟ್ಟಾರ" ಅಂದು ಪಂಚೆಯಲ್ಲಿ ಸುತ್ತಿಕೊಟ್ಟರು.