ಪಾಠ ಹೇಳುವ ಯಂತ್ರಕ್ಕೆ ಕಿವಿ ಎಲ್ಲಿದೆ?

ಹಳ್ಳಿ ಶಾಲೆಗೆ ಬಂದ ಯಂತ್ರಗಳೆಲ್ಲ ಬಾಯಿ ಹೊತ್ತುಕೊಂಡೇ ಬಂದವು. ಕಿವಿ ಹೊತ್ತು ತಂದದ್ದು ಬಲು ಅಪರೂಪ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ನಾಸಾದಿಂದ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ತಲುಪಿತು. ‘ಸೈಟ್’ ಅಂತ ಅದರ ಹೆಸರು. ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. ಬೆಳಿಗ್ಗೆ ಶಾಲೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಆ ವರ್ಷ ಯಾವುದು ಅನ್ನೋದನ್ನ ಮರೀಬೇಡಿ. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಹೇರಿ ಜನರ ಬಾಯಿಗೆ ಬೀಗ ಜಡಿದ ಐದೇ ವಾರಕ್ಕೆ ಹಳ್ಳಿಗೆ ಮಾತಾಡುವ ಪೆಟ್ಟಿಗೆ ಬಂತು. ಜನ ಮಾತಾಡೋ ಹಾಗಿಲ್ಲ, ಪೆಟ್ಟಿಗೆ ಮಾತಾಡುತ್ತೆ, ಸುಮ್ಮನೆ ಕೂತು ಕೇಳಿ!

2004ರ ಸೆಪ್ಟೆಂಬರಿನಲ್ಲಿ ಎಜುಸ್ಯಾಟ್ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಆಕಾಶದಿಂದ ಪಾಠ ಇಳಿಯಿತು. ಆಮೇಲೆ ಕಂಪ್ಯೂಟರ್ ಕೋಣೆ, ಅದಾದ ಮೇಲೆ ಸ್ಮಾರ್ಟ್ ಕ್ಲಾಸು, ಈಗ ಆ್ಯಪು. ಯಂತ್ರ ಬದಲಾಗಿದೆ, ಅದು ಕೂತಿರುವ ಜಾಗ ಬದಲಾಗಿಲ್ಲ. ಮೇಲೆ ಕೂತವನು ಹೇಳ್ತಾನೆ, ಕೆಳಗೆ ಕೂತ ಮಗು ಕೇಳುತ್ತೆ. ಕಾಲಕಾಲದಿಂದ ಈ ದೇಶದಲ್ಲಿ ಜ್ಞಾನ ಹರಿದಿರೋದೇ ಹೀಗೆ. ಹೇಳೋನಿಗೆ ಒಂದು ಜಾತಿ, ಕೇಳೋನಿಗೆ ಒಂದು ಜಾತಿ, ಕೇಳಲೂ ಬಾರದವನಿಗೆ ಇನ್ನೊಂದು ಜಾತಿ. ವಿದ್ಯುತ್ತಿನಲ್ಲಿ ಓಡುವ ಮಾತ್ರಕ್ಕೆ ಈ ವ್ಯವಸ್ಥೆ ಹೊಸದಾಗಿಬಿಡುತ್ತದೆಯೇ?

ಈ ಪ್ರಶ್ನೆ ಇಟ್ಟುಕೊಂಡೇ ಛತ್ತೀಸಗಢದ ಪತ್ರಕರ್ತ ಶುಭ್ರಾಂಶು ಚೌಧರಿಯವರ ಕೆಲಸವನ್ನ ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಪತ್ರಿಕಾವೃತ್ತಿ ಬಿಟ್ಟು ತಂತ್ರಜ್ಞಾನ ಹಿಡಿದು ಹಳ್ಳಿಗೆ ಹೊರಟ ಇಂಥವರಿಗೆ ಈಚೆಗೆ ‘ಸಾಮಾಜಿಕ ಉದ್ಯಮಿ’ ಅಂತ ಹೆಸರು. ಉದ್ಯಮಿ ಅನ್ನೋ ಮಾತು ಕೇಳಿದರೆ ಕೇರಿಯವರಿಗೆ ಅನುಮಾನ ಬರೋದು ಸಹಜ. ನಮ್ಮ ಬಡತನವನ್ನೇ ಬಂಡವಾಳ ಮಾಡಿಕೊಂಡವರನ್ನ ಬಹಳ ನೋಡಿದೀವಿ. ಆದರೆ ಅನುಮಾನವೊಂದೇ ವಿಮರ್ಶೆಯಾಗೋದಿಲ್ಲ. ಕೆಲಸವನ್ನ ಬಿಡಿಸಿ ನೋಡಬೇಕು.

ಚೌಧರಿ ಬಿಬಿಸಿಯಲ್ಲಿ ದುಡಿದವರು. ಛತ್ತೀಸಗಢದಲ್ಲೇ ಬೆಳೆದವರು, ಆದರೆ ಆದಿವಾಸಿಯಲ್ಲ. 2005ರಲ್ಲಿ ಸಾಲ್ವಾ ಜುಡುಂ ಶುರುವಾದ ಮೇಲೆ ಬಸ್ತರ್ ಹೊತ್ತಿ ಉರಿಯಿತು. ಊರುಗಳು ಖಾಲಿಯಾದವು. ಮಾವೋವಾದಿಗಳು ಶಾಲೆ ಕಟ್ಟಡ ಒಡೆದರು, ಉಳಿದ ಶಾಲೆಗಳಲ್ಲಿ ಪೊಲೀಸು ಪಡೆ ಠಿಕಾಣಿ ಹೂಡಿತು. ಮಕ್ಕಳು ಎಲ್ಲಿ ಕೂರಬೇಕು ಸ್ವಾಮಿ? ಆ ಪಡೆಗಳಿಗೆ ಶಾಲೆ ಬಿಟ್ಟು ಹೋಗಿ ಅಂತ ಹೇಳೋದಕ್ಕೆ, ಆದಿವಾಸಿ ಹುಡುಗರ ಕೈಗೆ ಬಂದೂಕು ಕೊಟ್ಟದ್ದು ಸಂವಿಧಾನಬಾಹಿರ ಅನ್ನೋದಕ್ಕೆ, 2011ರಲ್ಲಿ ಸುಪ್ರೀಂ ಕೋರ್ಟೇ ಬರಬೇಕಾಯಿತು. ಇಷ್ಟೆಲ್ಲ ನಡೆಯುವಾಗ ದಿಲ್ಲಿಯ ಪತ್ರಿಕೆಗಳಲ್ಲಿ ಪೊಲೀಸರ ಮಾತಿತ್ತು, ಮಂತ್ರಿಯ ಮಾತಿತ್ತು, ಮಾವೋವಾದಿಯ ಹೇಳಿಕೆಯೂ ಇತ್ತು. ಗೊಂಡಿ ಆಡುವ ತಾಯಿಯ ಮಾತು ಮಾತ್ರ ಇರಲಿಲ್ಲ. ಬರೆಯೋರಿಗೆ ಗೊಂಡಿ ಬರ್ತಿರಲಿಲ್ಲ.

2010ರಲ್ಲಿ ಚೌಧರಿ ‘ಸಿಜಿನೆಟ್ ಸ್ವರ’ ಶುರು ಮಾಡಿದರು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದ ಬಿಲ್ ತೀಸ್ ಅದಕ್ಕೆ ತಾಂತ್ರಿಕವಾಗಿ ಹೆಗಲು ಕೊಟ್ಟರು. ಏರ್ಪಾಟು ಬಹಳ ಸರಳ. ಬಟನ್ ಫೋನಿನಿಂದ ಒಂದು ನಂಬರಿಗೆ ಕರೆ ಮಾಡೋದು. ಒಂದು ಒತ್ತಿದರೆ ನಿಮ್ಮ ಮಾತು ದಾಖಲಾಗುತ್ತೆ, ಎರಡು ಒತ್ತಿದರೆ ಬೇರೆಯವರು ಆಡಿದ್ದು ಕೇಳುತ್ತೆ. ಇಂಟರ್ನೆಟ್ ಬೇಡ, ಓದುಬರಹವೂ ಬೇಡ. ಸಂಪಾದಕರು ಕೇಳಿ, ಪರಿಶೀಲಿಸಿ, ಆಯ್ದದ್ದನ್ನ ಎಲ್ಲರಿಗೂ ಬಿಡುತ್ತಿದ್ದರು. ಬಿಸಿಯೂಟ ನಿಂತದ್ದು, ಮೇಷ್ಟ್ರು ಬಾರದ್ದು, ಕೂಲಿ ಸಿಗದ್ದು, ಬೋರ್‌ವೆಲ್ ಕೆಟ್ಟದ್ದು ಎಲ್ಲವೂ ಬರತೊಡಗಿತು. ನಡುನಡುವೆ ಹಾಡೂ ಬಂತು. ಫೋನೇ ಯಾಕೆ, ರೇಡಿಯೋ ಯಾಕಲ್ಲ ಅಂದರೆ, ಈ ದೇಶದಲ್ಲಿ ಸಮುದಾಯ ರೇಡಿಯೋಗಳು ತಮ್ಮದೇ ಸುದ್ದಿ ಪ್ರಸಾರ ಮಾಡುವ ಹಾಗಿಲ್ಲ. ಹಾಡು ಹೇಳಿ, ಅಡುಗೆ ಹೇಳಿ, ಊರಿನ ಅನ್ಯಾಯ ಮಾತ್ರ ಹೇಳಬೇಡಿ. ಪ್ರಜಾಪ್ರಭುತ್ವ ಅಂದರೆ ಇದೇ ನೋಡಿ.

ಇದು ಪಾಠ ಹೇಳುವ ಯಂತ್ರ ಅಲ್ಲವಲ್ಲ, ಶಿಕ್ಷಣಕ್ಕೂ ಇದಕ್ಕೂ ಏನು ಸಂಬಂಧ ಅಂತ ಮೇಷ್ಟ್ರು ಗೆಳೆಯರು ಕೇಳಬಹುದು. ಸಂಬಂಧ ಇರೋದೇ ಅಲ್ಲಿ. ಹಳ್ಳಿ ಶಾಲೆಗೆ ಅಂತ ತಯಾರಾದ ಯಂತ್ರಗಳು ಮಗುವಿನ ತಲೆ ಖಾಲಿ ಪಾತ್ರೆ ಅಂತ ತಿಳಿದು ಸುರಿಯುತ್ತ ಬಂದವು. ಈ ಫೋನು, ಅಕ್ಷರ ಬಾರದ ತಾಯಿಗೂ ಶಾಲೆಯ ಬಗ್ಗೆ ಹೇಳೋದಿದೆ ಅಂತ ಒಪ್ಪಿಕೊಂಡಿತು. ಅಕ್ಷರ ಇಲ್ಲದವರಿಗೆ ಅರಿವಿಲ್ಲ ಅನ್ನೋದು ಅಕ್ಷರವನ್ನ ಬಚ್ಚಿಟ್ಟುಕೊಂಡವರು ಹುಟ್ಟಿಸಿದ ಸುಳ್ಳು. ಆ ಸುಳ್ಳಿಗೆ ಈ ಫೋನು ಒಂದು ಏಟು ಹಾಕಿತು. ನಮ್ಮ ಪಂಡಿತರು ಧ್ವನಿ ಅಂದ ಕೂಡಲೇ ಆನಂದವರ್ಧನನ ಹತ್ತಿರ ಓಡ್ತಾರೆ. ಇದು ಆ ಧ್ವನಿಯಲ್ಲ, ಖಾಲಿ ತಟ್ಟೆಯ ಮುಂದೆ ಕೂತ ಮಗುವಿನ ತಾಯಿಯ ಧ್ವನಿ.

ಇಷ್ಟು ಒಪ್ಪಿಕೊಂಡ ಮೇಲೆ ಜಗಳ ಶುರು ಮಾಡೋಣ.

ಸ್ವರದಲ್ಲಿ ದೂರು ಹೇಳಿದವರು ಸಂಬಂಧಪಟ್ಟ ಅಧಿಕಾರಿಯ ಫೋನ್ ನಂಬರನ್ನೂ ಹೇಳುತ್ತಿದ್ದರು. ಕೇಳಿದ ಪಟ್ಟಣದ ಜನ ಆ ಅಧಿಕಾರಿಗೆ ಫೋನ್ ಮಾಡಿ ಒತ್ತಾಯಿಸುತ್ತಿದ್ದರು. ಎಷ್ಟೋ ಕಡೆ ಕೆಲಸವೂ ಆಯಿತು. ಅನ್ನ ಬಂದರೆ ಸಂತೋಷವೇ. ಆದರೆ ಆ ಅಧಿಕಾರಿ ಹೆದರಿದ್ದು ಯಾರಿಗೆ? ಗೊಂಡಿಯಲ್ಲಿ ಮಾತಾಡಿದ ಹೆಂಗಸಿಗಲ್ಲ, ದಿಲ್ಲಿಯಿಂದಲೋ ಬೆಂಗಳೂರಿನಿಂದಲೋ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದವನಿಗೆ. ಅವಳ ಹಕ್ಕು ಇನ್ನೊಬ್ಬನ ನಾಲಿಗೆ ಮೇಲೆ ಕೂತು ಹೋಗಬೇಕಾಯಿತು. ನಾಳೆ ಆ ಪಟ್ಟಣದವನಿಗೆ ಪುರುಸೊತ್ತಿಲ್ಲ ಅಂದರೆ ಮಗುವಿನ ಊಟ ಮತ್ತೆ ನಿಲ್ಲುತ್ತೆ. ಗೌಡರ ಮನೆ ಮುಂದೆ ಕೈಕಟ್ಟಿ ನಿಂತು ಅಹವಾಲು ಹೇಳಿಕೊಳ್ಳೋದಕ್ಕೂ ಇದಕ್ಕೂ ದೂರ ಎಷ್ಟು? ಜವಾಬು ಕೊಡಲೇಬೇಕಾದ ಅಧಿಕಾರಿ, ಜವಾಬು ಕೊಡದಿದ್ದರೆ ಶಿಕ್ಷೆ, ಇವೆರಡು ಇಲ್ಲದ ಕಡೆ ಕಿವಿ ಕೂಡ ಬರೀ ಅಲಂಕಾರ ಆಗಿಬಿಡುತ್ತೆ.

ಬೆಂಗಳೂರಿನ ಅದೇ ಸಂಶೋಧನಾಲಯದಲ್ಲಿ ಇದ್ದ ಕೆಂಟಾರೊ ತೋಯಾಮಾ ಅನ್ನುವವರು ಮುಂದೆ ಬರೆದ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಮ್ಮ ಸರ್ಕಾರಿ ಶಾಲೆಗಳಿಗೆ ಹೋದಾಗ ಒಂದು ಕಂಪ್ಯೂಟರಿನ ಸುತ್ತ ಹಲವು ಮಕ್ಕಳು ಮುಗಿಬಿದ್ದಿರುತ್ತಿದ್ದರು. ಮೌಸ್ ಒಬ್ಬನ ಕೈಲಿ. ಬಹಳ ಸಲ ಆ ಕೈ ಮೇಲ್ಜಾತಿಯ ಹುಡುಗನದು. ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಜೋಡಿಸುವ ಉಪಾಯವನ್ನ ಅವರ ತಂಡ ಕಂಡುಹಿಡಿಯಿತು. ಆದರೂ 2015ರಲ್ಲಿ ತಂದ ‘ಗೀಕ್ ಹೆರೆಸಿ’ ಅನ್ನೋ ಪುಸ್ತಕದ ಹೊತ್ತಿಗೆ ಅವರು ಮುಟ್ಟಿದ ತೀರ್ಮಾನ ಬೇರೆಯೇ. ಯಂತ್ರ ಇರೋದನ್ನ ಹಿಗ್ಗಿಸುತ್ತದೆ, ಇಲ್ಲದ್ದನ್ನ ಹುಟ್ಟಿಸೋದಿಲ್ಲ. ಒಳ್ಳೆ ಮೇಷ್ಟ್ರು ಇದ್ದರೆ ಅವರ ಕೆಲಸ ಹಿಗ್ಗುತ್ತೆ. ಜಾತಿ ಇದ್ದರೆ ಜಾತಿಯೂ ಹಿಗ್ಗುತ್ತೆ. ಅಲ್ರೀ, ಇದನ್ನ ತಿಳಿಯೋದಕ್ಕೆ ಪ್ರಯೋಗಾಲಯ ಬೇಕಿತ್ತಾ? ಊರ ಬಾವಿಗೆ ಮೋಟಾರು ಬಿಗಿದಾಕ್ಷಣ ಆ ನೀರು ಹಟ್ಟಿಗೆ ಬಂದುಬಿಡ್ತಾ?

ಕೊರೊನಾ ಕಾಲದಲ್ಲಿ ಇದು ಬಟಾಬಯಲಾಯಿತು. ಶಾಲೆ ಮುಚ್ಚಿ ಪಾಠ ಫೋನಿಗೆ ಹೋಯಿತು. 2021ರ ಆಗಸ್ಟಿನಲ್ಲಿ ಜಾನ್ ಡ್ರೇಜ್, ರೀತಿಕಾ ಖೇರಾ ಮತ್ತವರ ಗೆಳೆಯರು ಕರ್ನಾಟಕವೂ ಸೇರಿ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಬಡ ಮನೆಗಳ ಸುಮಾರು 1,400 ಮಕ್ಕಳನ್ನ ಕಂಡು ಮಾತಾಡಿಸಿದರು. ಹಳ್ಳಿಗಳಲ್ಲಿ ನಿಯಮಿತವಾಗಿ ಆನ್‌ಲೈನ್ ಓದುತ್ತಿದ್ದ ಮಕ್ಕಳು ನೂರಕ್ಕೆ 8. ದಲಿತ, ಆದಿವಾಸಿ ಮಕ್ಕಳಲ್ಲಿ ನೂರಕ್ಕೆ 4, ಉಳಿದವರಲ್ಲಿ 15. ಜಾರ್ಖಂಡದ ಲಾತೇಹಾರ್ ಜಿಲ್ಲೆಯ ಕುಟ್ಮು ಅನ್ನೋ ಹಳ್ಳಿಯಲ್ಲಿ ಮೇಲ್ಜಾತಿಯ ಕೆಲವರು, ಈ ಮಕ್ಕಳು ಓದಿಬಿಟ್ಟರೆ ನಮ್ಮ ಹೊಲದಲ್ಲಿ ಕೆಲಸ ಮಾಡೋರು ಯಾರು ಅಂತ ನೇರವಾಗೇ ಕೇಳಿದರಂತೆ. ಈ ಪ್ರಶ್ನೆಗೆ ಯಾವ ಆ್ಯಪಿನಲ್ಲಿ ಉತ್ತರ ಇದೆ? ನಮ್ಮಲ್ಲಿ 2020ರಲ್ಲಿ ‘ವಿದ್ಯಾಗಮ’ ಬಂತು. ಮೇಷ್ಟ್ರುಗಳು ಊರೂರಿಗೆ ನಡೆದು, ಮರದ ಕೆಳಗೆ, ಜಗಲಿಯ ಮೇಲೆ ಮಕ್ಕಳನ್ನ ಕೂರಿಸಿ ಕಲಿಸಿದರು. ಫೋನಿಗಿಂತ ಅದು ಮೇಲು, ಅನುಮಾನವಿಲ್ಲ. ಆದರೆ ಅಲ್ಲೂ ಕೇಳಬೇಕಾದ ಮಾತೊಂದಿದೆ. ಆ ಜಗಲಿ ಯಾರ ಮನೆಯದು? ಅದರ ಮೇಲೆ ಕೇರಿಯ ಮಗು ಎಲ್ಲಿ ಕೂತಿತು?

ಮತ್ತೆ ಚೌಧರಿಯವರಿಗೆ ಬರೋಣ. ಎರಡನೆ ಜಗಳ ಸಂಪಾದಕನ ಕುರ್ಚಿಯದು. ಮಾತು ಆದಿವಾಸಿಯದು, ಯಾವ ಮಾತು ಹೊರಗೆ ಹೋಗಬೇಕು ಅಂತ ತೀರ್ಮಾನಿಸುವ ಕುರ್ಚಿ ಯಾರದು? ಪತ್ರಿಕಾರಂಗ ಮೇಲಿನವರ ಕೈಲಿದೆ, ಅದನ್ನ ಜನರ ಕೈಗೆ ಕೊಡಬೇಕು ಅಂತ ಹೊರಟವರ ಮನೆಯಲ್ಲೇ ಈ ಪ್ರಶ್ನೆ ಕೂತಿದೆ. ಇಲ್ಲಿ ನಮಗೆ ಅಳತೆಗೋಲು ಇರೋದು ಬಾಬಾಸಾಹೇಬರಲ್ಲಿ. 1920ರ ಜನವರಿ 31ರಂದು ಅವರು ‘ಮೂಕನಾಯಕ’ ತಂದರು. ಕೊಲ್ಹಾಪುರದ ಶಾಹು ಮಹಾರಾಜರು ಅದಕ್ಕೆ 2,500 ರೂಪಾಯಿ ಕೊಟ್ಟಿದ್ದರು. ಆದ್ದರಿಂದ ಹೊರಗಿನ ಹಣ ಮುಟ್ಟಿದರೇ ಮೈಲಿಗೆ ಅನ್ನೋ ವಾದ ನನ್ನದಲ್ಲ. ಹಣ ಯಾರದೇ ಇರಲಿ, ಲೇಖನಿ ಅಸ್ಪೃಶ್ಯರ ಕೈಲಿತ್ತು. ಏನು ಅಚ್ಚಾಗಬೇಕು ಅನ್ನೋದು ಅವರ ತೀರ್ಮಾನ. ಅಂಬೇಡ್ಕರರೂ ಪತ್ರಿಕೆಯಿಂದ ಶಿಕ್ಷಣಕ್ಕೆ ನಡೆದವರೇ. 1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿದರು, 1946ರಲ್ಲಿ ಬೊಂಬಾಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಅವರು ಕೊಟ್ಟದ್ದು ಉಪಕರಣ ಅಲ್ಲ, ಸಂಸ್ಥೆ. ಉಪಕರಣ ಕೆಟ್ಟರೆ ಕೊಟ್ಟವನೇ ಬಂದು ರಿಪೇರಿ ಮಾಡಬೇಕು. ಸಂಸ್ಥೆ ಕೆಟ್ಟರೆ ನಾವೇ ಜಗಳ ಆಡಿ ಸರಿ ಮಾಡಬಹುದು.

ಮೂರನೆಯದು ಭಾಷೆ. 2011ರ ಜನಗಣತಿಯಂತೆ ಗೊಂಡಿ ಆಡುವವರು ಸುಮಾರು 30 ಲಕ್ಷ. ಅದು ನಮ್ಮ ಕನ್ನಡದ ದಾಯಾದಿ. ರಂಡ್, ಮುಂದ್, ನಾಲುಂಗ್ ಅಂತ ಎಣಿಸುವ ಆ ಮಗುವಿಗೂ ಎರಡು, ಮೂರು, ನಾಲ್ಕು ಅನ್ನುವ ನಮ್ಮ ಮಗುವಿಗೂ ಒಂದೇ ಬಳ್ಳಿ. ಆದರೂ ಸಂವಿಧಾನದ ಎಂಟನೆ ಪರಿಚ್ಛೇದದಲ್ಲಿ ಗೊಂಡಿಗೆ ಜಾಗವಿಲ್ಲ. ಗೊಂಡಿ ಮಗು ಶಾಲೆಗೆ ಹೋದ ಮೊದಲ ದಿನವೇ ಹಿಂದಿಯ ಮುಂದೆ ಮೂಕವಾಗುತ್ತದೆ. ಮೇಷ್ಟ್ರಿಗೆ ಮಗುವಿನ ಭಾಷೆ ಬಾರದ್ದು ದಡ್ಡತನ ಅಲ್ಲವಂತೆ, ಮಗುವಿಗೆ ಮೇಷ್ಟ್ರ ಭಾಷೆ ಬಾರದ್ದು ದಡ್ಡತನವಂತೆ! ಚೌಧರಿ ಮತ್ತು ಗೆಳೆಯರು ಇಲ್ಲಿ ಮಾಡಿದ್ದು ಸಣ್ಣದಲ್ಲ. ಬೇರೆ ಬೇರೆ ರಾಜ್ಯದ ಗೊಂಡರನ್ನ ಕೂಡಿಸಿ ಒಂದು ಸಮಾನ ನಿಘಂಟಿಗೆ ಕೈ ಹಾಕಿದರು. ನಮ್ಮ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಆ ಕೆಲಸದಲ್ಲಿ ಪಾಲು ಪಡೆಯಿತು. 2018ರಲ್ಲಿ ಬೆಂಗಳೂರಿನ ಪ್ರಥಮ್ ಬುಕ್ಸ್ ಜೊತೆ ಸೇರಿ ಮಕ್ಕಳ ಕಥೆಗಳನ್ನ ಗೊಂಡಿಗೆ ತಂದರು. ಆದರೆ ಪುಸ್ತಕ ಬಂದರೆ ಸಾಲದು, ಗೊಂಡಿ ಬಲ್ಲ ಮೇಷ್ಟ್ರು ತರಗತಿಗೆ ಬರಬೇಕು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಸಲು ಏರ್ಪಾಟು ಮಾಡಬೇಕು ಅಂತ ಸಂವಿಧಾನದ 350ಎ ವಿಧಿ 1956ರಿಂದಲೇ ಹೇಳುತ್ತಿದೆ. ಅದು ಸರ್ಕಾರದ ಹೊಣೆ. ಫೋನಿನ ಗುಣಗಾನದಲ್ಲಿ ಆ ಹೊಣೆ ಜಾರಿಹೋಗಬಾರದು.

ತಾಯ್ನುಡಿ ಅಂದ ಕೂಡಲೇ ನಮ್ಮಲ್ಲೇ ಎದ್ದು ಕೇಳುವವರಿದ್ದಾರೆ: ಅವರ ಮಕ್ಕಳು ಕಾನ್ವೆಂಟಿಗೆ, ನಮ್ಮ ಮಕ್ಕಳಿಗೆ ಮಾತ್ರ ತಾಯ್ನುಡಿಯಾ? ನ್ಯಾಯವಾದ ಸಿಟ್ಟು. 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದ ಬಿ. ಬಸವಲಿಂಗಪ್ಪನವರು ದಲಿತ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲೀರಿ ಅಂದಿದ್ದರು. ಅದಕ್ಕೆ ಮಂತ್ರಿ ಪದವಿಯನ್ನೇ ತೆತ್ತರು. ಆ ಮಾತನ್ನ ನಾವು ಬಿಡುವ ಹಾಗಿಲ್ಲ. ಮನೆಯ ಭಾಷೆಯಲ್ಲಿ ಬಾಯಿ ಬಿಡಲು ಬಿಟ್ಟ ಮಗು ಇಂಗ್ಲಿಷನ್ನೂ ಧೈರ್ಯವಾಗಿ ಕಲಿಯುತ್ತೆ. ಮೊದಲ ದಿನವೇ ಬಾಯಿ ಹೊಲಿದ ಮಗು ಯಾವ ಭಾಷೆಯನ್ನೂ ಕಲಿಯೋದಿಲ್ಲ, ಉರು ಹೊಡೆಯುತ್ತೆ. ನಮಗೆ ಎರಡೂ ಬೇಕು. ಇದೋ ಅದೋ ಆರಿಸಿಕೊಳ್ಳಿ ಅನ್ನೋದು ಎರಡೂ ಇರುವವರ ಮಾತು.

ಮೇಷ್ಟ್ರು ಗೆಳೆಯರಿಗೆ ಇನ್ನೊಂದು ಮಾತು. ಹಾಜರಿ, ಅಂಕ, ಊಟದ ಲೆಕ್ಕ, ಎಲ್ಲವನ್ನೂ ನೀವು ಕಂಪ್ಯೂಟರಿಗೆ ತುಂಬುತ್ತಾ ಇದ್ದೀರಿ. ಮಗುವಿನ ನಂಬರು ಬೆಂಗಳೂರಿಗೆ ಹೋಗುತ್ತೆ, ಮಗುವಿನ ಮಾತು ಹೋಗೋದಿಲ್ಲ. ಊಟ ಬಡಿಸುವಾಗ ಸಾಲು ಬೇರೆ ಮಾಡಿದರೆ ಅದನ್ನ ತುಂಬಲು ಅಲ್ಲಿ ಕಾಲಂ ಇದೆಯಾ? ಕೇರಿಯ ಹುಡುಗಿ ಕೈಯಲ್ಲೇ ಕಕ್ಕಸು ತೊಳೆಸಿದರೆ ಅದಕ್ಕೆ ಯಾವ ಬಟನ್ ಒತ್ತಬೇಕು?

ಆದ್ದರಿಂದ ಮುಂದಿನ ಸಲ ಯಾರಾದರೂ ಹೊಸ ಯಂತ್ರ ಹೊತ್ತು ಶಾಲೆಗೆ ಬಂದಾಗ, ಅವರು ಪತ್ರಕರ್ತರಿರಲಿ, ಕಂಪನಿಯವರಿರಲಿ, ಸರ್ಕಾರದವರೇ ಇರಲಿ, ಎಸ್‌ಡಿಎಂಸಿ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ. ಕೇರಿಯ ತಾಯಂದಿರೇ ಎದ್ದು ಕೇಳಲಿ. ಇದರಲ್ಲಿ ನನ್ನ ಮಗು ತನ್ನ ಭಾಷೆಯಲ್ಲಿ ಮಾತಾಡಬಹುದಾ? ಮಾತಾಡಿದರೆ ಜವಾಬು ಕೊಡಲೇಬೇಕಾದವರು ಯಾರು? ನೀವು ಹೋದ ಮೇಲೆ ಇದರ ಬೀಗದ ಕೈ ಯಾರ ಹತ್ತಿರ ಇರುತ್ತೆ? ಚೌಧರಿಯವರ ಫೋನು ಮೊದಲನೆ ಪ್ರಶ್ನೆಯಲ್ಲಿ ಪಾಸಾಯಿತು. ಎರಡನೆಯದರಲ್ಲಿ ಅರ್ಧಕ್ಕೆ ನಿಂತಿತು. ಮೂರನೆಯದಕ್ಕೆ ಉತ್ತರ ಗೊಂಡರೇ ಬರೆಯಬೇಕು. ನಮ್ಮ ಶಾಲೆಗಳಿಗೆ ಬಂದ ಬಹುಪಾಲು ಯಂತ್ರಗಳು ಮೊದಲನೆ ಪ್ರಶ್ನೆಯನ್ನೇ ಇನ್ನೂ ಎದುರಿಸಿಲ್ಲ.