ಕಾಯಿ ಕಚ್ಚದ ಪಿಯರ್ ತೋಟ

ಪಿಯರ್ ಹಣ್ಣನ್ನು ಉದ್ದಕ್ಕೆ ಸೀಳುವವರೇ ಹೆಚ್ಚು. ಒಮ್ಮೆ ಅಡ್ಡ ಕೊಯ್ದು ನೋಡಿ. ನಡುವೆ ಐದು ಗೂಡು, ಒಂದೊಂದರಲ್ಲೂ ಎರಡು ಬೀಜಕ್ಕೆ ಜಾಗ. ಹತ್ತೂ ತುಂಬಿದ್ದರೆ ಆ ಹೂವಿಗೆ ಪರಾಗ ಧಾರಾಳವಾಗಿ ಸಿಕ್ಕಿತ್ತು ಎಂದರ್ಥ. ಒಂದು ಮಗ್ಗುಲಿನ ಬೀಜಗಳು ಜೊಳ್ಳಾಗಿದ್ದರೆ ಹಣ್ಣೂ ಅತ್ತ ಸೊಟ್ಟಗಾಗುವುದುಂಟು. ಸುತ್ತಲಿನ ತಿರುಳನ್ನು ಉಬ್ಬಿಸುವುದು ಬೆಳೆಯುವ ಬೀಜವೇ.

ಅಮೆರಿಕದ ವರ್ಜೀನಿಯಾದಲ್ಲಿ 1890ರ ದಶಕದಲ್ಲಿ ಬರೀ ಬಾರ್ಟ್ಲೆಟ್ ತಳಿಯ ದೊಡ್ಡ ತೋಟವೊಂದಿತ್ತು. ಮೈತುಂಬ ಹೂವು, ಕಾಯಿ ಮಾತ್ರ ಇಲ್ಲ. ಕೃಷಿ ಇಲಾಖೆಯ ವಿಜ್ಞಾನಿ ಮೆರ್ಟನ್ ವೇಟ್ ಹೂಗೊಂಚಲಿಗೆ ಚೀಲ ಕಟ್ಟಿ, ಕೈಯಾರೆ ಪರಾಗ ಹಚ್ಚಿ ಕಾರಣ ಹುಡುಕಿದರು. ಬಾರ್ಟ್ಲೆಟ್ ಮರಗಳೆಲ್ಲ ಇಂಗ್ಲೆಂಡಿನ ಒಂದೇ ಮೂಲ ಮರದಿಂದ ಕಸಿಯಾಗಿ ಬಂದವು. ಸಾವಿರ ನೆಟ್ಟರೂ ಅದು ಒಂದೇ ಮರ. ತನ್ನದೇ ಪರಾಗ ಬಿದ್ದರೆ ಹೂವು ಅದನ್ನು ಶಲಾಕೆಯ ಅರ್ಧದಾರಿಯಲ್ಲೇ ತಡೆದುಬಿಡುತ್ತದೆ. ಬೇರೆ ತಳಿಯ ಪರಾಗವೇ ಬೇಕು. ಆದರೆ ಪರ ತಳಿಯಾದರೂ ಸೆಕೆಲ್‌ಗೂ ಬಾರ್ಟ್ಲೆಟ್‌ಗೂ ಕೂಡಿಬರುವುದಿಲ್ಲ. ಮನೆ ಬೇರೆ, ಗೋತ್ರ ಒಂದೇ!

ವಿನಾಯಿತಿಗಳೂ ಇವೆ. ಕ್ಯಾಲಿಫೋರ್ನಿಯಾದ ಬೆಚ್ಚನೆಯ ಕಣಿವೆಗಳಲ್ಲಿ ಇದೇ ಬಾರ್ಟ್ಲೆಟ್ ಬೀಜವಿಲ್ಲದೆಯೂ ಕಾಯಿ ಕಚ್ಚುತ್ತದೆ. ಕಾನ್ಫರೆನ್ಸ್ ತಳಿಯೂ ಹಾಗೆಯೇ. ಆದರೆ ಬೀಜವಿಲ್ಲದ ಕಾನ್ಫರೆನ್ಸ್ ಹೊಟ್ಟೆಯೇ ಇಲ್ಲದೆ ಉದ್ದಕ್ಕೆ ಎಳೆದುಕೊಂಡಿರುತ್ತದೆ.

ಜೋಡಿ ತಳಿ ನೆಟ್ಟರೂ ಜೇನು ಒಲಿಯಬೇಕಲ್ಲ! ಪಿಯರ್ ಹೂವಿನ ಮಕರಂದ ತೀರಾ ತೆಳು, ವಾಸನೆಯಲ್ಲಿ ಮೀನಿನ ಛಾಯೆ. ಪಕ್ಕದಲ್ಲಿ ಸಾಸಿವೆ ಅರಳಿದ್ದರೆ ಜೇನುಹುಳು ಇತ್ತ ಸುಳಿಯುವುದೇ ಕಡಿಮೆ. ಅದಕ್ಕೇ ಅನುಭವಸ್ಥರು ಪೆಟ್ಟಿಗೆಗಳನ್ನು ಮೊದಲೇ ತಂದಿಡುವುದಿಲ್ಲ. ಒಂದಿಷ್ಟು ಹೂವು ಬಿರಿದ ಮೇಲೆ ತರುತ್ತಾರೆ, ಹುಳು ಬೇರೆ ಹೂವಿನ ರುಚಿ ಹಿಡಿಯುವ ಮುಂಚೆ ಪಿಯರ್‌ಗೆ ಹತ್ತಲಿ ಎಂದು.

ಚೀನಾದ ಸಿಚುವಾನ್ ಪ್ರಾಂತ್ಯದ ಹನ್‌ಯುವಾನ್‌ನಲ್ಲಿ ಪಿಯರ್ ತೋಟಗಳಿಗೆ ಆ ಜೇನೂ ಸಿಗದಾಯಿತು. ಬೆಳೆಗಾರರು ಕೀಟನಾಶಕ ಹೊಡೆಯುವುದನ್ನು ಕಂಡು ಜೇನು ಸಾಕುವವರು ಪೆಟ್ಟಿಗೆ ಕೊಡಲು ಹಿಂಜರಿದರು. ಜನ ಮರ ಹತ್ತಿ, ಬಿದಿರುಕಡ್ಡಿಗೆ ಕೋಳಿಪುಕ್ಕ ಕಟ್ಟಿ, ಹೂವಿಂದ ಹೂವಿಗೆ ಪರಾಗ ಸವರುತ್ತಾರೆ. ಫಸಲೇನೋ ಬರುತ್ತದೆ, ಆದರೆ ಜೇನು ಪುಕ್ಕಟೆ ಮಾಡುವ ಕೆಲಸಕ್ಕೆ ಕೂಲಿ ತೆರಬೇಕು.

ನಮ್ಮ ಸೂರ್ಯಕಾಂತಿ ಹೊಲಗಳೂ ಜೇನನ್ನೇ ನಂಬಿವೆ. ಹೂವಿರುವಷ್ಟು ದಿನ ಔಷಧಿ ಹೊಡೆಯುವ ಕೈ ತಡೆಯಲಿ.